ಕಿಟಕಿ ಪರದೆಯ ಹೊಲಿಗೆ

ಕಿಟಕಿ ಪರದೆಯ ಹೊಲಿಗೆ ಎಂದರೆ ಕಿಟಕಿಯ ಅಳತೆಗೆ ತಕ್ಕಂತೆ ಬಟ್ಟೆಯನ್ನು ಕತ್ತರಿಸಿ, ಅಂಚುಗಳನ್ನು ಮಡಿಸಿ ಹೊಲಿದು, ಸರಳಿಗೆ ತೂಗುಹಾಕುವಂತೆ ಸಿದ್ಧಪಡಿಸುವ ಗೃಹಕಲೆ. ಪರದೆಯು ಬಿಸಿಲನ್ನೂ ಧೂಳನ್ನೂ ತಡೆಯುತ್ತದೆ, ಮನೆಯ ಖಾಸಗಿತನವನ್ನು ಕಾಯುತ್ತದೆ, ಕೋಣೆಗೆ ಅಂದವನ್ನು ನೀಡುತ್ತದೆ. ಉಡುಪುಗಳಿಗೆ ಹೋಲಿಸಿದರೆ ಇದರಲ್ಲಿ ನೇರ ಹೊಲಿಗೆಗಳೇ ಹೆಚ್ಚಾದ್ದರಿಂದ ಹೊಸದಾಗಿ ಹೊಲಿಗೆ ಕಲಿಯುವವರಿಗೂ ಇದು ಸಾಧ್ಯ. ಆದರೆ ಬಟ್ಟೆ ಹೆಚ್ಚು ಬೇಕಾಗುತ್ತದೆ. ಗಿಡ್ಡವಾಗಿ ಕತ್ತರಿಸಿದ ಪರದೆಯನ್ನು ಕಲೆ ಕಾಣದಂತೆ ಸರಿಪಡಿಸುವುದು ಕಷ್ಟ. ಆದ್ದರಿಂದ ಪರದೆಯ ಅಂದವು ಹೊಲಿಗೆಗಿಂತ ಮೊದಲು ಅಳತೆಯಲ್ಲಿ ನಿರ್ಧಾರವಾಗುತ್ತದೆ.

ಬಟ್ಟೆಯ ಆಯ್ಕೆ

ಹತ್ತಿ ಬಟ್ಟೆಯು ಹೊಲಿಯಲು ಸುಲಭ, ಒಗೆಯಲು ಅನುಕೂಲ. ಆದರೆ ಮೊದಲ ಒಗೆತದಲ್ಲಿ ಕುಗ್ಗಬಹುದು. ಪಾಲಿಯೆಸ್ಟರ್ ಹೆಚ್ಚು ಕುಗ್ಗುವುದಿಲ್ಲ, ಆದರೆ ಇಸ್ತ್ರಿಯ ಅತಿಯಾದ ಬಿಸಿಗೆ ಕರಗುತ್ತದೆ. ರೇಷ್ಮೆಯು ನೇರ ಬಿಸಿಲಿಗೆ ಬಣ್ಣಗೆಟ್ಟು ಜೀರ್ಣವಾಗುವುದರಿಂದ ಅದಕ್ಕೆ ಹಿಂಬದಿಯಲ್ಲಿ ಒಳಬಟ್ಟೆ ಅಗತ್ಯ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಹೀಗೆ ಮಾಡದಿದ್ದರೆ ಹೊಲಿದ ದಿನ ಸರಿಯಾಗಿದ್ದ ಪರದೆ ಒಗೆದ ಮೇಲೆ ಗಿಡ್ಡವಾಗುತ್ತದೆ.

ಅಳತೆ

ಪರದೆಯ ಅಗಲವನ್ನು ಕಿಟಕಿಯಿಂದಲ್ಲ, ಸರಳಿನಿಂದ ಅಳೆಯಬೇಕು. ನೆರಿಗೆಗಳು ತುಂಬಿಕೊಂಡು ಕಾಣಲು ಸಿದ್ಧ ಪರದೆಗಳ ಒಟ್ಟು ಅಗಲವು ಸರಳಿನ ಉದ್ದದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ತೆಳುವಾದ ಬಟ್ಟೆಗೆ ಇನ್ನೂ ಹೆಚ್ಚು ನೆರಿಗೆ ಒಪ್ಪುತ್ತದೆ.

ಉದಾಹರಣೆಗೆ, ಕಿಟಕಿಯ ಅಗಲ 100 ಸೆಂ.ಮೀ. ಇದ್ದು, ಸರಳು ಎರಡೂ ಬದಿಗೆ 10 ಸೆಂ.ಮೀ. ಚಾಚಿದ್ದರೆ ಸರಳಿನ ಉದ್ದ 120 ಸೆಂ.ಮೀ. ಎರಡು ಪಟ್ಟು ಅಗಲವೆಂದರೆ 240 ಸೆಂ.ಮೀ., ಅಂದರೆ ತಲಾ 120 ಸೆಂ.ಮೀ. ಅಗಲದ ಎರಡು ಪರದೆಗಳು. ಪ್ರತಿ ಪರದೆಯ ಬದಿಯ ಮಡಿಕೆಗಳಿಗೆ 4 ಸೆಂ.ಮೀ.ನಂತೆ ಸೇರಿಸಿದರೆ 128 ಸೆಂ.ಮೀ. ಅಗಲದ ಬಟ್ಟೆ ಬೇಕು. 54 ಅಂಗುಲ, ಅಂದರೆ ಸುಮಾರು 137 ಸೆಂ.ಮೀ. ಪನ್ನದ ಬಟ್ಟೆ ಇದಕ್ಕೆ ಸಾಕು.

ಸಿದ್ಧ ಪರದೆಯ ಉದ್ದ 145 ಸೆಂ.ಮೀ. ಬೇಕಾದರೆ, ಮೇಲಿನ ಮಡಿಕೆಗೆ 10 ಮತ್ತು ಕೆಳಗಿನ ಮಡಿಕೆಗೆ 15 ಸೆಂ.ಮೀ. ಸೇರಿಸಿ 170 ಸೆಂ.ಮೀ. ಕತ್ತರಿಸಬೇಕು. ಎರಡು ಪರದೆಗಳಿಗೆ 3.4 ಮೀಟರ್ ಆಯಿತು. ಬಟ್ಟೆ ಶೇಕಡ 5ರಷ್ಟು ಕುಗ್ಗುವುದೆಂದು ಎಣಿಸಿದರೆ 3.6 ಮೀಟರ್ ಕೊಳ್ಳಬೇಕಾಗುತ್ತದೆ. ದೊಡ್ಡ ಹೂವು ಅಥವಾ ಚಿತ್ತಾರದ ಬಟ್ಟೆಯಾದರೆ ಎರಡೂ ಪರದೆಗಳಲ್ಲಿ ಚಿತ್ತಾರ ಒಂದೇ ಎತ್ತರದಲ್ಲಿ ಬರುವಂತೆ ಕತ್ತರಿಸಬೇಕು. ಅದಕ್ಕಾಗಿ ಇನ್ನೂ ಸ್ವಲ್ಪ ಬಟ್ಟೆ ಬೇಕು.

ಹೊಲಿಯುವ ಕ್ರಮ

1. ಹೊಕ್ಕಿನ ಒಂದು ಎಳೆಯನ್ನು ಎಳೆದು, ಆ ಗೆರೆಯ ಮೇಲೆ ಬಟ್ಟೆಯನ್ನು ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಪರದೆ ನೇರವಾಗಿ ಇಳಿಬೀಳುವುದಿಲ್ಲ.

2. ಬದಿಯ ಅಂಚುಗಳನ್ನು 2 ಸೆಂ.ಮೀ.ನಂತೆ ಎರಡು ಬಾರಿ ಮಡಿಸಿ, ಇಸ್ತ್ರಿ ಮಾಡಿ, ಹೊಲಿಯಬೇಕು. ನೇಯ್ದ ಅಂಚು ಬಿಗಿಯಾಗಿದ್ದು ಬಟ್ಟೆಯನ್ನು ಸುಕ್ಕಾಗಿಸುತ್ತಿದ್ದರೆ ಮಡಿಸುವ ಮೊದಲೇ ಅದನ್ನು ಕತ್ತರಿಸಿ ತೆಗೆಯುವುದು ಉತ್ತಮ.

3. ಮೇಲಂಚನ್ನು ಮೊದಲು 1 ಸೆಂ.ಮೀ., ಅನಂತರ 9 ಸೆಂ.ಮೀ. ಮಡಿಸಬೇಕು. ಮಡಿಕೆಯ ಕೆಳಗೆ ಒಂದು ಹೊಲಿಗೆಯನ್ನೂ, ಅದರಿಂದ 5 ಸೆಂ.ಮೀ. ಮೇಲೆ ಇನ್ನೊಂದನ್ನೂ ಹಾಕಿದರೆ ನಡುವೆ ಸರಳು ತೂರುವ ಕೊಳವೆ ಸಿದ್ಧವಾಗುತ್ತದೆ. ಮೇಲೆ ಉಳಿಯುವ 4 ಸೆಂ.ಮೀ. ಚಿಕ್ಕ ಜಾಲರಿಯಂತೆ ಕಾಣುತ್ತದೆ. 2.5 ಸೆಂ.ಮೀ. ದಪ್ಪದ ಸರಳಿನ ಸುತ್ತಳತೆ ಸುಮಾರು 8 ಸೆಂ.ಮೀ. ಆದ್ದರಿಂದ ಈ ಕೊಳವೆ ಅದಕ್ಕೆ ಸಾಕಾಗುತ್ತದೆ.

4. ಕೆಳಗಿನ ಮಡಿಕೆಯನ್ನು ಕಚ್ಚಾ ಹೊಲಿಗೆಯಿಂದ ಮಾತ್ರ ಹಿಡಿದು, ಪರದೆಯನ್ನು ಒಂದೆರಡು ದಿನ ತೂಗುಬಿಡಬೇಕು. ಬಟ್ಟೆ ತನ್ನ ಭಾರಕ್ಕೆ ಇಳಿದ ಮೇಲೆ ಉದ್ದವನ್ನು ಸರಿಪಡಿಸಿ, 7.5 ಸೆಂ.ಮೀ.ನಂತೆ ಎರಡು ಬಾರಿ ಮಡಿಸಿ ಹೊಲಿಯಬೇಕು. ಈ ದಪ್ಪ ಮಡಿಕೆಯ ಭಾರವೇ ನೆರಿಗೆಗಳನ್ನು ನೇರವಾಗಿ ನಿಲ್ಲಿಸುತ್ತದೆ.

ಅಲಂಕಾರ

ಜಾಲರಿ, ಲೇಸು, ಬೇರೆ ಬಣ್ಣದ ಪಟ್ಟಿ, ಪರದೆಯನ್ನು ಬದಿಗೆ ಹಿಡಿದಿಡುವ ಕಟ್ಟುಪಟ್ಟಿ ಮುಂತಾದವು ಸಾಮಾನ್ಯ ಅಲಂಕಾರಗಳು. ಒಳಬಟ್ಟೆಯಿಲ್ಲದ ಪರದೆ ಹೊರಗಿನಿಂದಲೂ ಕಾಣುವುದರಿಂದ ಕಸೂತಿಯ ಹಿಂಬದಿಯೂ ಅಚ್ಚುಕಟ್ಟಾಗಿರಬೇಕು. ಧಾರವಾಡ ಪ್ರದೇಶದ ಸಾಂಪ್ರದಾಯಿಕ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂಥಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಇವುಗಳಲ್ಲಿ ಗವಂತಿ ಮತ್ತು ಮುರಗಿ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣುವುದರಿಂದ ಪರದೆಗೆ ಹೆಚ್ಚು ಹೊಂದುತ್ತವೆ. ಎಳೆಗಳನ್ನು ಎಣಿಸಿ ಹಾಕುವ ಕಸೂತಿಯಾದ್ದರಿಂದ ಎಳೆಗಳು ಸ್ಪಷ್ಟವಾಗಿ ಕಾಣುವ ಸಾದಾ ನೇಯ್ಗೆಯ ಬಟ್ಟೆ ಬೇಕು.

ಹಳೆಯ ಸೀರೆಯ ಬಳಕೆ

ಉಡಲಾಗದ ಹಳೆಯ ಸೀರೆಗಳನ್ನೂ ಪರದೆಯಾಗಿಸಬಹುದು. ಸೀರೆಯನ್ನು ಅಡ್ಡಲಾಗಿ ಕತ್ತರಿಸಿದಾಗ ಅದರ ಅಂಚುಗಳು ಪರದೆಯ ಎರಡೂ ಬದಿಗೆ ಬರುತ್ತವೆ. ಬದಿಗಳನ್ನು ಮಡಿಸಿ ಹೊಲಿಯುವ ಅಗತ್ಯವಿರುವುದಿಲ್ಲ. ಐದೂವರೆ ಮೀಟರ್ ಸೀರೆಯಿಂದ ಮೇಲಿನ ಅಳತೆಯ ಮೂರು ತುಂಡುಗಳು ದೊರೆಯುತ್ತವೆ. ಕತ್ತರಿಸುವ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ವರ್ಷಗಟ್ಟಲೆ ಮಡಿಸಿಟ್ಟ ಗೆರೆಗಳಲ್ಲಿ ಬಟ್ಟೆ ಸವೆದಿದ್ದರೆ ಆ ಭಾಗವನ್ನು ಬಿಡಬೇಕು.

ಎಚ್ಚರಿಕೆಗಳು

ಅಡುಗೆ ಒಲೆಯ ಬಳಿಯ ಕಿಟಕಿಗೆ ಉದ್ದನೆಯ ಪರದೆ ಅಪಾಯಕಾರಿ. ಗಾಳಿಗೆ ಹಾರಿ ಬೆಂಕಿ ತಗಲಬಹುದು. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಪರದೆ ಎಳೆಯುವ ಹಗ್ಗವನ್ನು ಅವರ ಕೈಗೆಟುಕದಂತೆ ಕಟ್ಟಬೇಕು. ಒಗೆದ ಪರದೆಯನ್ನು ನೆರಳಿನಲ್ಲಿ ಒಣಗಿಸಿದರೆ ಬಣ್ಣ ಹೆಚ್ಚು ಕಾಲ ಉಳಿಯುತ್ತದೆ.