ಡ್ರಮ್ಮಿನ ಶ್ರುತಿ

ಅಬಿಡ್ಸ್ ರಸ್ತೆಯಲ್ಲಿ ಮದುವೆಯ ಮೆರವಣಿಗೆ ಸಾಗುವಾಗ ಹೋಟೆಲಿನ ಬಾಗಿಲಿಗೆ ಬಂದು ನಿಲ್ಲದವರು ನಮ್ಮಲ್ಲಿ ವಿರಳ. ಕಹಳೆಗಳಿಗೆ ಮೊದಲೇ ಕಿವಿಗೆ ತಾಗುವುದು ಹೆಗಲಿಗೆ ತೂಗುಹಾಕಿದ ಸೈಡ್ ಡ್ರಮ್ಮಿನ ಸದ್ದು. ಮಳೆಗಾಲದ ಸಂಜೆ ಅದು ಒದ್ದೆ ಹಲಗೆಯಂತೆ ಮಂಕಾಗಿ ನುಡಿದರೆ ಬಾರಿಸುವವನನ್ನು ಕಂಡು ನಾವು ನಗುತ್ತೇವೆ. ದೋಷ ಬಹುಮಟ್ಟಿಗೆ ಹೊದಿಕೆಯದು, ಇಲ್ಲವೇ ಅದನ್ನು ಬಿಗಿದ ಕ್ರಮದ್ದು.

ತೊಗಲಿನ ಹೊದಿಕೆ ತೇವವನ್ನು ಹೀರಿ ಸಡಿಲಗೊಳ್ಳುತ್ತದೆ, ಬಿಸಿಲಿಗೆ ಬಿಗಿಯುತ್ತದೆ. 1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಹೊದಿಕೆ ಮಾರಾಟಕ್ಕೆ ಬಂದ ಮೇಲೆ ಈ ತೊಡಕು ಬಹಳಷ್ಟು ಕಳೆಯಿತು. ಅದರಲ್ಲಿಯೂ ಒಂಟಿ ಪದರದ್ದು ಚುರುಕಾಗಿ ನುಡಿಯುತ್ತದೆ, ಬೇಗ ಸವೆಯುತ್ತದೆ. ಜೋಡಿ ಪದರದ್ದು ಬಾಳಿಕೆ ಬರುತ್ತದೆ, ಆದರೆ ನಾದ ಕೊಂಚ ಮೊಟಕು. ದಿನವೂ ಬೀದಿಯಲ್ಲಿ ಬಾರಿಸಿ ಹೊಟ್ಟೆ ಹೊರೆಯುವವರಿಗೆ ಎರಡನೆಯದೇ ಲೇಸು. ಅಡಿಯ ಹೊದಿಕೆ ಮಾತ್ರ ಅತಿ ತೆಳುವಾಗಿರಬೇಕು. ಅದಕ್ಕೆ ತಾಗಿ ಕಂಪಿಸುವ ತಂತಿಗಳಿಂದಲೇ ಆ ಝರಝರ ಧ್ವನಿ.

ಶ್ರುತಿಗೊಳಿಸುವಾಗ ತಂತಿಗಳನ್ನು ಸಡಿಲಬಿಟ್ಟು, ತಿರುಪುಗಳನ್ನು ಮೊದಲು ಬೆರಳಿನಿಂದ ಬಿಗಿಯಬೇಕು. ಅನಂತರ ಚಾವಿಯಿಂದ ಒಂದನ್ನು ಅರ್ಧ ಸುತ್ತು, ಮತ್ತೆ ಅದರ ಎದುರಿನದನ್ನು ಅಷ್ಟೇ. ಪ್ರತಿ ತಿರುಪಿನ ಬಳಿ, ಅಂಚಿನಿಂದ ಅಂಗುಲದಷ್ಟು ಒಳಗೆ ಮೆಲ್ಲನೆ ತಟ್ಟಿದಾಗ ಒಂದೇ ಸ್ವರ ಕೇಳಬೇಕು. ಮೃದಂಗದವರು ಸುತ್ತಲೂ ತಟ್ಟಿ ಶ್ರುತಿ ಕೂಡಿಸುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಬ್ಯಾಂಡಿನವನಿಗೆ ಮುಂದಿನ ಕರೆ ಬರುವುದು ಇಂದಿನ ನಾದವನ್ನು ನಂಬಿ. ಮಳೆಯಲ್ಲಿ ನೆನೆದು ನಮ್ಮ ಬಾಗಿಲಿಗೆ ಬಂದವನಿಗೆ ಒಂದು ಲೋಟ ಕಾಫಿಯೊಡನೆ ಡ್ರಮ್ಮು ಒರೆಸಲು ಒಣಬಟ್ಟೆಯನ್ನೂ ಕೊಡೋಣ. ಕೂಲಿಯ ಬೆಲೆಯನ್ನು ನಾವಲ್ಲದೆ ಯಾರು ಬಲ್ಲರು?