ವಿಮಾನದಲ್ಲಿ ಬೇಟೆಯ ಕೋವಿ

ಒಬ್ಬನು ತನ್ನ ವಸ್ತುವನ್ನು ಮತ್ತೊಬ್ಬನ ವಶದಲ್ಲಿರಿಸುವ ವಿಷಯವಾಗಿ ನಮ್ಮ ಧರ್ಮಶಾಸ್ತ್ರಗಳಲ್ಲಿ ಒಂದು ಪ್ರಕರಣವೇ ಉಂಟು. ಅಲ್ಲಿ ಎರಡು ಶಬ್ದಗಳು ಬರುತ್ತವೆ. ವಸ್ತುವು ಇಂಥದೆಂದು ಹೇಳಿ, ಎಣಿಸಿ ತೋರಿಸಿ ಒಪ್ಪಿಸಿದರೆ ಅದು ನಿಕ್ಷೇಪ. ಒಳಗೇನಿದೆಯೆಂಬುದನ್ನು ಹೇಳದೆ, ಮುಚ್ಚಿದ ಕರಂಡಕವನ್ನು ಹಾಗೆಯೇ ಕೊಟ್ಟರೆ ಅದು ಉಪನಿಧಿ. ಈ ಪ್ರಕರಣವು ಯಾಜ್ಞವಲ್ಕ್ಯಸ್ಮೃತಿಯಲ್ಲಿರುವುದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಇದನ್ನು ವಿವರಿಸಿರುವನು. ಬಹುಕಾಲ ಸಂಸ್ಕೃತ ಪಾಠ ಹೇಳಿದ ನಮಗೆ ಈ ಭೇದವು ಕೇವಲ ಪುಸ್ತಕದ ಮಾತಾಗಿ ತೋರುತ್ತಿತ್ತು. ಆದರೆ ಈಚೆಗೆ ಅಮೆರಿಕಾ ದೇಶದ ವಿಮಾನ ನಿಯಮಗಳನ್ನು ಓದುತ್ತಿರುವಾಗ ಅದು ಅಲ್ಲಿ ಜೀವಂತವಾಗಿ ಎದುರಾಯಿತು.

ವಿಮಾನ ಕಂಪೆನಿಯವರಿಗೆ ನಾವು ಒಪ್ಪಿಸುವ ಸಾಮಾನಿನ ಪೆಟ್ಟಿಗೆಗಳೆಲ್ಲ ಉಪನಿಧಿಗಳೇ ಸರಿ. ಸೀರೆಯೋ, ಉಪ್ಪಿನಕಾಯಿಯೋ, ಪುಸ್ತಕವೋ, ಎಣಿಸಿಕೊಡುವವರಿಲ್ಲ. ಬೇಟೆಯ ಕೋವಿಯನ್ನಾದರೋ ಹಾಗೆ ಕೊಡಕೂಡದು. ಅದನ್ನು ಬಾಯ್ಬಿಟ್ಟು ಹೇಳಿ, ನಿಕ್ಷೇಪವಾಗಿಯೇ ಒಪ್ಪಿಸಬೇಕು. ಆ ನಿಯಮವೆಲ್ಲ ಈ ಒಂದು ತತ್ತ್ವದ ಮೇಲೆ ನಿಂತಿದೆಯೆಂಬುದು ನಮ್ಮ ಅಭಿಪ್ರಾಯ.

ವಿಮಾನದಲ್ಲಿ ಕೋವಿಯೇತಕ್ಕೆ ಎಂದು ವಾಚಕರು ಕೇಳಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೇಟೆಯು ಕಾನೂನಿಗೆ ಒಳಪಟ್ಟ ಕೆಲಸ. ಪ್ರತಿಯೊಂದು ಸಂಸ್ಥಾನವೂ ಬೇಟೆಯ ಋತುವನ್ನೂ, ಹೊಡೆಯಬಹುದಾದ ಪ್ರಾಣಿಗಳ ಸಂಖ್ಯೆಯನ್ನೂ ಗೊತ್ತುಮಾಡಿ ಪರವಾನಗಿ ಕೊಡುತ್ತದೆ. ಶರತ್ಕಾಲ ಬಂದಿತೆಂದರೆ ದೂರದ ಊರುಗಳವರು ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯನ್ನು ಅರಸಿ ಕೊಲೊರಾಡೊ, ವಯೋಮಿಂಗ್, ಮೊಂಟಾನಾ ಸಂಸ್ಥಾನಗಳ ಬೆಟ್ಟಗಳಿಗೆ ಹೊರಡುತ್ತಾರೆ. ಮೂಸ್, ಕ್ಯಾರಿಬೂ ಎಂಬ ಮೃಗಗಳಿಗಾಗಿ ಅಲಾಸ್ಕಕ್ಕೆ ಹೋಗುತ್ತಾರೆ. ಅಲಾಸ್ಕವು ಮಿಕ್ಕ ಸಂಸ್ಥಾನಗಳಿಗೆ ಸೇರಿಕೊಂಡಿಲ್ಲ. ನಡುವೆ ಕೆನಡಾ ದೇಶವಿದೆ. ಕೋವಿಯೊಡನೆ ರಸ್ತೆಯಲ್ಲಿ ಹೋಗುವವನು ಪರದೇಶದ ಅಧಿಕಾರಿಗಳ ಮುಂದೆ ಬೇರೆ ಪತ್ರ ಬರೆದುಕೊಟ್ಟು ಶುಲ್ಕ ತೆರಬೇಕು. ವಿಮಾನದಲ್ಲಾದರೆ ಸಿಯಾಟಲ್ ನಗರದಿಂದ ಆಂಕರೇಜಿಗೆ ಸುಮಾರು ಮೂರೂವರೆ ಗಂಟೆ. ಆದಕಾರಣ ಬೇಟೆಗಾರರು ವಿಮಾನವನ್ನೇ ಹಿಡಿಯುತ್ತಾರೆ.

೨೦೦೧ನೆಯ ಇಸವಿಯ ಸೆಪ್ಟೆಂಬರಿನ ದುರಂತವಾದ ಮೇಲೆ, ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿ ಸಾರಿಗೆಯ ಭದ್ರತೆಗೆಂದೇ ಒಂದು ಇಲಾಖೆ ಸ್ಥಾಪಿತವಾಯಿತು. ಅದರ ವಿಧಿಯು ಹೀಗಿದೆ: ಪ್ರಯಾಣಿಕನು ಕುಳಿತುಕೊಳ್ಳುವ ಕೋಣೆಗೆ ಆಯುಧವು ಬರಕೂಡದು, ಕೆಳಗಣ ಸಾಮಾನಿನ ಕೋಣೆಯಲ್ಲಿ ಮಾತ್ರ ಹೋಗಬಹುದು. ಅದರಲ್ಲಿ ಒಂದು ತೋಟಾ ಕೂಡ ತುಂಬಿರಕೂಡದು. ಗಟ್ಟಿಯಾದ ಮೈಯುಳ್ಳ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಬೇಕು. ಬೀಗ ಹಾಕಿದ ಮೇಲೂ ಒಂದು ಮೂಲೆಯನ್ನೆತ್ತಿ ಕೈ ತೂರಿಸುವಂತಿದ್ದರೆ ಅಂತಹ ಪೆಟ್ಟಿಗೆಯನ್ನು ಒಪ್ಪುವುದಿಲ್ಲ. ಬೀಗಕ್ಕೆಂದು ಎಷ್ಟು ರಂಧ್ರಗಳಿವೆಯೋ ಅಷ್ಟಕ್ಕೂ ಬೀಗ ಹಾಕುವುದು ಜಾಣತನ. ಚೀಟಿ ಪಡೆಯುವ ಕಟ್ಟೆಯಲ್ಲಿ ಕಂಪೆನಿಯ ನೌಕರನಿಗೆ ‘ಇದರಲ್ಲಿ ಕೋವಿಯಿದೆ, ತೋಟಾ ತುಂಬಿಲ್ಲ’ ಎಂದು ಪ್ರಯಾಣಿಕನು ತಾನಾಗಿಯೇ ಹೇಳಬೇಕು. ಕೊನೆಯದಾಗಿ, ಬೀಗದ ಕೈ ಪ್ರಯಾಣಿಕನೊಬ್ಬನ ಬಳಿಯಲ್ಲೇ ಇರತಕ್ಕದ್ದು.

ಈ ಕಡೆಯ ಮಾತನ್ನು ವಾಚಕರು ಗಮನಿಸಬೇಕು. ಮಿಕ್ಕ ಸಾಮಾನನ್ನು ಅಧಿಕಾರಿಗಳು ನಮ್ಮ ಪರೋಕ್ಷದಲ್ಲಿ ತೆರೆದು ನೋಡಬಹುದು. ಕೋವಿಯ ಪೆಟ್ಟಿಗೆಯನ್ನು ನೋಡಬೇಕಾದರೆ ಯಜಮಾನನನ್ನೇ ಕರೆಯಬೇಕು. ಆದುದರಿಂದಲೇ ಪೆಟ್ಟಿಗೆಯನ್ನು ಒಪ್ಪಿಸಿದವನು ತಕ್ಷಣ ಹೊರಟುಬಿಡದೆ, ತಪಾಸಣೆ ಮುಗಿಯುವವರೆಗೆ ಅಲ್ಲಿಯೇ ಹತ್ತಿರದಲ್ಲಿ ಕಾದಿರುವುದು ರೂಢಿ. ಕರೆದಾಗ ಆತನಿಲ್ಲದಿದ್ದರೆ ವಿಮಾನ ಹೊರಟೀತು, ಪೆಟ್ಟಿಗೆ ಹಿಂದೆಯೇ ಉಳಿದೀತು. ಹೀಗಾಗಿ ಕೋವಿಯೊಡನೆ ಹೋಗುವವನು ಇತರರಿಗಿಂತ ಮುಂಚಿತವಾಗಿಯೇ ನಿಲ್ದಾಣವನ್ನು ಸೇರಬೇಕು.

ತೋಟಾಗಳ ವಿಷಯದಲ್ಲಿಯೂ ಇಂಥದೇ ಎಚ್ಚರ. ಅವು ಕೂಡ ಕೆಳಗಣ ಕೋಣೆಯಲ್ಲಿಯೇ ಹೋಗತಕ್ಕವು. ಜೇಬಿನಲ್ಲಿಯೋ ಚೀಲದ ತಳದಲ್ಲಿಯೋ ಚೆಲ್ಲಾಡಿಕೊಂಡಿರದೆ, ಅವಕ್ಕೆಂದೇ ಮಾಡಿದ ಕಾಗದದ, ಮರದ ಅಥವಾ ಲೋಹದ ಡಬ್ಬಿಯಲ್ಲಿ ಭದ್ರವಾಗಿ ಕುಳಿತಿರಬೇಕು. ಅನೇಕ ಕಂಪೆನಿಗಳು ಒಬ್ಬನಿಗೆ ೧೧ ಪೌಂಡು, ಎಂದರೆ ೫ ಕಿಲೋ, ಎಂದು ಮಿತಿಯಿಟ್ಟಿವೆ. ಇದು ಸಾಲದೆಂದು ಚಿಂತಿಸಬೇಕಾದುದಿಲ್ಲ. ೧೯೦೬ರಲ್ಲಿ ಅಲ್ಲಿನ ಸೈನ್ಯಕ್ಕೆಂದು ನಿರ್ಮಿತವಾಗಿ ಇಂದಿಗೂ ಬೇಟೆಗಾರರ ಬಳಕೆಯಲ್ಲಿರುವ ‘ಥರ್ಟಿ ಆಟ್ ಸಿಕ್ಸ್’ ಜಾತಿಯ ಇಪ್ಪತ್ತು ತೋಟಾಗಳ ಡಬ್ಬಿಯು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಬೇಟೆಗಾರನಿಗೆ ಅಂತಹ ಎರಡು ಡಬ್ಬಿಗಳು ಧಾರಾಳವಾಗಿ ಸಾಕು.

ತೋಟಾವನ್ನು ಬಿಡುವವರು ಬಿಡಿಮದ್ದನ್ನು ಮಾತ್ರ ಬಿಡುವುದಿಲ್ಲ. ಕರಿಮದ್ದಾಗಲಿ, ಬಿಡಿ ಕೇಪುಗಳಾಗಲಿ ಯಾವ ಕೋಣೆಯಲ್ಲಿಯೂ ಬರಕೂಡದು. ಇದರಲ್ಲಿ ಯುಕ್ತಿಯಿದೆ. ಸಿದ್ಧ ತೋಟಾದಲ್ಲಿ ಮದ್ದು ಸ್ವಲ್ಪ. ಅದೂ ಹಿತ್ತಾಳೆಯ ಕೋಶದಲ್ಲಿ ಪ್ರತ್ಯೇಕವಾಗಿ ಬಂಧಿತವಾಗಿದೆ. ಕೋವಿಯ ನಳಿಗೆಯ ಬಿಗಿಯಿಲ್ಲದೆ ಹೊರಗೆ ಸಿಡಿದರೆ ಕೋಶವು ಹರಿದುಹೋಗುವುದೇ ಹೊರತು ಗುಂಡಿಗೆ ಕೋವಿಯಿಂದ ಹೊರಟ ವೇಗ ಬರಲಾರದು. ಬಿಡಿಮದ್ದಿಗಾದರೋ ಒಂದು ಕಿಡಿ ತಗಲಿದರೆ ರಾಶಿಯೆಲ್ಲ ಒಮ್ಮೆಗೇ ಹೊತ್ತಿಕೊಳ್ಳುವುದು. ಇನ್ನೂ ಒಂದು ವಿಚಿತ್ರವನ್ನು ಹೇಳುತ್ತೇವೆ. ಕರಡಿಯನ್ನು ಓಡಿಸಲು ಅಲ್ಲಿಯವರು ಮೆಣಸಿನ ಘಾಟನ್ನು ಒತ್ತಡದಲ್ಲಿ ತುಂಬಿದ ಡಬ್ಬಿಯನ್ನು ಕಾಡಿಗೆ ಒಯ್ಯುತ್ತಾರೆ. ಕರಡಿಯನ್ನು ಕೊಲ್ಲುವ ಕೋವಿಗೆ ವಿಮಾನದಲ್ಲಿ ಸ್ಥಳವುಂಟು; ಓಡಿಸುವ ಈ ಡಬ್ಬಿಗೆ ಇಲ್ಲ! ಡಬ್ಬಿಯು ಸೋರಿದರೆ ವಿಮಾನ ನಡೆಸುವವರ ಕಣ್ಣಿಗೇ ಕುತ್ತು. ನಿಯಮವು ನೋಡುವುದು ಕಾಡಿನಲ್ಲಿ ಯಾವುದು ಘೋರವೆಂಬುದನ್ನಲ್ಲ, ಆಕಾಶದಲ್ಲಿ ಯಾವುದು ಅಪಾಯವೆಂಬುದನ್ನು.

ಊರು ಸೇರಿದ ಮೇಲೂ ಕರ್ತವ್ಯ ಮುಗಿಯಲಿಲ್ಲ. ಸಾಮಾನು ಎತ್ತಿಹಾಕುವ ಕೈಗಳು ಕೋಮಲವಾಗಿರುವುದಿಲ್ಲ. ಕೋವಿಯ ಮೇಲಣ ದುರ್ಬೀನು ಕೂದಲೆಳೆಯಷ್ಟು ಸರಿದರೂ ದೂರದಲ್ಲಿ ಗುರಿಯು ಗೇಣು ತಪ್ಪುತ್ತದೆ. ಆದಕಾರಣ ಒಳ್ಳೆಯ ಬೇಟೆಗಾರನು ಕಾಡಿಗೆ ಹೋಗುವ ಮೊದಲು ೧೦೦ ಗಜ ದೂರದಲ್ಲಿ ಹಲಗೆಯನ್ನಿಟ್ಟು ಎರಡು ಮೂರು ಈಡು ಹೊಡೆದು ಪರೀಕ್ಷಿಸುತ್ತಾನೆ. ಈ ಪರೀಕ್ಷೆಯನ್ನು ಬಿಟ್ಟರೆ ಅದರ ಫಲವನ್ನು ಅನುಭವಿಸುವುದು ಗಾಯಗೊಂಡು ಪೊದೆಯಲ್ಲಿ ನರಳುವ ಮೂಕಪ್ರಾಣಿ.

ಇನ್ನು ಕಾನೂನಿನ ಒಂದು ತೊಡಕನ್ನು ಹೇಳಬೇಕು. ಅಮೆರಿಕೆಯಲ್ಲಿ ಆಯುಧದ ಕಾನೂನು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ಒಂದೆಡೆ ನಿರಪರಾಧವಾದುದು ಮತ್ತೊಂದೆಡೆ ಸೆರೆಮನೆಗೆ ದಾರಿ. ದಾರಿಹೋಕರಿಗೆ ಇದರಿಂದ ತೊಂದರೆಯಾಗಬಾರದೆಂದು ೧೯೮೬ರಲ್ಲಿ ಕೇಂದ್ರ ಸರಕಾರವು ಒಂದು ಶಾಸನ ಮಾಡಿತು. ಹೊರಡುವ ಸ್ಥಳದಲ್ಲಿಯೂ ಸೇರುವ ಸ್ಥಳದಲ್ಲಿಯೂ ಆಯುಧವು ನ್ಯಾಯಬದ್ಧವಾಗಿದ್ದು, ದಾರಿಯಲ್ಲಿ ಅದು ಬರಿದಾಗಿಯೂ ಕೈಗೆ ಸುಲಭವಾಗಿ ನಿಲುಕದಂತೆಯೂ ಇದ್ದರೆ, ನಡುವಣ ಸಂಸ್ಥಾನಗಳು ಅಡ್ಡಿಮಾಡಕೂಡದು.

ಆದರೆ ೨೦೦೫ರಲ್ಲಿ ನಡೆದುದನ್ನು ಕೇಳಿರಿ. ಯೂಟಾ ಸಂಸ್ಥಾನದ ಒಬ್ಬ ಗೃಹಸ್ಥನು ಪೆನ್ಸಿಲ್ವೇನಿಯಾದ ಅಲೆನ್‌ಟೌನಿಗೆ ಹೊರಟನು. ಅವನದು ಬೇಟೆಯ ಕೋವಿಯಲ್ಲ, ಕೈಪಿಸ್ತೂಲು; ನಿಯಮ ಮಾತ್ರ ಅದೇ. ಬೀಗ ಹಾಕಿ, ಹೇಳಿ, ವಿಧಿಪ್ರಕಾರ ಒಪ್ಪಿಸಿದ್ದನು. ನ್ಯೂ ಜೆರ್ಸಿಯ ನ್ಯೂಆರ್ಕ್ ನಿಲ್ದಾಣದಲ್ಲಿ ವಿಮಾನವನ್ನು ಬದಲಾಯಿಸಬೇಕಾಗಿತ್ತು. ಮೊದಲಿನದು ತಡವಾಗಿ ಬಂದಿತು, ಮುಂದಿನದು ತಪ್ಪಿತು. ಸಾಮಾನನ್ನು ಬಿಡಿಸಿಕೊಂಡು ರಾತ್ರಿಯನ್ನು ಹೋಟೆಲಿನಲ್ಲಿ ಕಳೆದನು. ಮರುದಿನ ಬೆಳಿಗ್ಗೆ ನಿಲ್ದಾಣಕ್ಕೆ ಬಂದು ಮೊದಲಿನಂತೆಯೇ ‘ಇದರಲ್ಲಿ ಆಯುಧವಿದೆ’ ಎಂದು ಸತ್ಯವನ್ನೇ ನುಡಿದನು. ನ್ಯೂ ಜೆರ್ಸಿಯ ಪರವಾನಗಿ ಆತನಲ್ಲಿರಲಿಲ್ಲ. ಪೋಲೀಸರು ಹಿಡಿದರು, ಕೆಲವು ದಿನ ಸೆರೆಯಾಯಿತು. ಮುಂದೆ ಮೊಕದ್ದಮೆಯನ್ನು ಕೈಬಿಟ್ಟರಾದರೂ, ಆತನು ನ್ಯಾಯ ಕೇಳಿ ಹೂಡಿದ ದಾವೆಯು ೨೦೧೦ರಲ್ಲಿ ಕೇಂದ್ರ ಅಪೀಲು ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಪೆಟ್ಟಿಗೆಯು ಆತನ ಕೈಗೆ ಬಂದು ಹೋಟೆಲಿನ ಕೋಣೆಯನ್ನು ಸೇರಿದ ಆ ರಾತ್ರಿ ಆಯುಧವು ಕೈಗೆ ನಿಲುಕುವಂತಿತ್ತು. ಆದುದರಿಂದ ೧೯೮೬ರ ಶಾಸನದ ರಕ್ಷೆ ಅಲ್ಲಿಗೆ ಕಡಿದುಹೋಯಿತು ಎಂಬುದು ತೀರ್ಪು.

ಹಾಗಾದರೆ ಆತನು ಮಾಡಬೇಕಾದುದೇನಿತ್ತು? ಅದನ್ನೂ ನ್ಯಾಯಾಧೀಶರೇ ಹೇಳಿದ್ದಾರೆ: ಇಂತಹ ಸಂಕಟಕ್ಕೆ ಸಿಕ್ಕಿದವನು ಸಾಮಾನನ್ನು ಬಿಡಿಸಿಕೊಳ್ಳುವ ಮೊದಲೇ ನಿಲ್ದಾಣದ ಪೋಲೀಸರ ಬಳಿಗೋ ಸಿಬ್ಬಂದಿಯ ಬಳಿಗೋ ಹೋಗಿ, ಸಂಗತಿಯನ್ನು ತಿಳಿಸಿ, ರಾತ್ರಿಯ ಮಟ್ಟಿಗೆ ಆಯುಧವನ್ನು ಅವರಲ್ಲಿಯೇ ಇರಿಸುವಂತೆ ಕೇಳಿಕೊಳ್ಳಬಹುದು. ಇದು ನಿಕ್ಷೇಪವಲ್ಲದೆ ಮತ್ತೇನು? ಸತ್ಯವನ್ನು ಹೇಳಿದರಷ್ಟೇ ಸಾಲದು. ಹೇಳಬೇಕಾದ ಕಾಲದಲ್ಲಿ, ಹೇಳಬೇಕಾದವರಿಗೆ ಹೇಳಬೇಕು.

ನಿಯಮದ ಗುಣವನ್ನು ಹೇಳಿದಂತೆ ಅದರ ಮಿತಿಯನ್ನೂ ಹೇಳುವುದು ಧರ್ಮ. ೨೦೧೭ನೆಯ ಇಸವಿ ಜನವರಿ ೬ರಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನಿಲ್ದಾಣದಲ್ಲಿ, ಅಲಾಸ್ಕದಿಂದ ಬಂದ ಒಬ್ಬನು ವಿಧಿಪ್ರಕಾರ ಒಪ್ಪಿಸಿದ್ದ ಪಿಸ್ತೂಲನ್ನು ಬಿಡಿಸಿಕೊಂಡು, ಅಲ್ಲಿಯೇ ತೋಟಾ ತುಂಬಿ ಐದು ಜನರನ್ನು ಕೊಂದನು. ಬುದ್ಧಿಭ್ರಮಣೆಯ ಲಕ್ಷಣಗಳಿದ್ದ ಆತನಿಂದ ಪೋಲೀಸರು ಕೆಲವು ವಾರಗಳ ಹಿಂದೆ ಅದೇ ಆಯುಧವನ್ನು ತೆಗೆದುಕೊಂಡು ಮತ್ತೆ ಹಿಂದಿರುಗಿಸಿದ್ದರು. ಬೀಗವು ಪರರ ಕೈಯನ್ನು ತಡೆಯಬಲ್ಲದೇ ಹೊರತು ಯಜಮಾನನ ಮನಸ್ಸನ್ನು ತಡೆಯಲಾರದು. ಕೆಲವು ಕಂಪೆನಿಗಳು ಇಂತಹ ಪೆಟ್ಟಿಗೆಯನ್ನು ಎಲ್ಲರ ಸಾಮಾನಿನೊಡನೆ ಬಿಡದೆ, ಕಚೇರಿಯಲ್ಲಿ ಗುರುತು ನೋಡಿ ಕೊಡುವ ಪದ್ಧತಿಯನ್ನಿಟ್ಟಿವೆ. ಮರೆವಿನ ಕಥೆ ಬೇರೆ. ೨೦೨೩ರಲ್ಲಿ ಅಲ್ಲಿನ ನಿಲ್ದಾಣಗಳಲ್ಲಿ ಪ್ರಯಾಣಿಕರ ಕೈಚೀಲಗಳಿಂದ ಹಿಡಿದ ಆಯುಧಗಳು ೬,೭೩೭. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ತೋಟಾ ತುಂಬಿದವು. ‘ಚೀಲದಲ್ಲಿದ್ದುದು ಮರೆತೇಹೋಗಿತ್ತು’ ಎಂಬುದೇ ಹಲವರ ಉತ್ತರ.

ನಮ್ಮ ಮನೆಗಳಿಗೂ ಈ ವಿಷಯಕ್ಕೂ ಏನು ಸಂಬಂಧವೆನ್ನಬಾರದು. ಕನ್ನಡಿಗರ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿದ್ದಾರೆ. ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ತಾತ್ಕಾಲಿಕ ವೀಸಾದ ಮೇಲೆ ಹೋದವರು ಆಯುಧವನ್ನಾಗಲಿ ತೋಟಾವನ್ನಾಗಲಿ ಹೊಂದಿರುವುದು ಅಲ್ಲಿನ ಕೇಂದ್ರ ಕಾನೂನಿನಂತೆ ಸಾಮಾನ್ಯವಾಗಿ ನಿಷಿದ್ಧ; ಅಲ್ಲಿಯ ಬೇಟೆಯ ಪರವಾನಗಿ ಪಡೆದವರೇ ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿ. ಸ್ನೇಹಿತನೊಬ್ಬನು ಕರೆದನೆಂದು ಕೋವಿ ಹಿಡಿಯುವ ಮುನ್ನ ಇದನ್ನು ವಿಚಾರಿಸಬೇಕು. ನಮ್ಮ ದೇಶದಲ್ಲಿಯಾದರೋ ೧೯೭೨ರ ವನ್ಯಜೀವಿ ಕಾಯಿದೆಯಿಂದ ವಿನೋದದ ಬೇಟೆ ನಿಂತಿದೆ. ಕೊಡಗಿನ ಮನೆಗಳಲ್ಲಿ ಕೋವಿಯು ಇಂದಿಗೂ ಕುಲದ ಗೌರವ. ಕೈಲ್ ಮುಹೂರ್ತದ ದಿನ ಅದನ್ನು ತೊಳೆದು, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಆದರೆ ವಿಮಾನವೇರುವಾಗ ನಮ್ಮಲ್ಲಿಯೂ ಕ್ರಮ ಬೇರೆ: ಆಯುಧವು ಬರಿದಾಗಿರಬೇಕು, ಕೆಳಗಣ ಕೋಣೆಯಲ್ಲಿಯೇ ಹೋಗಬೇಕು, ಪತ್ರಗಳನ್ನು ತೋರಿಸಿ ಮೊದಲೇ ತಿಳಿಸಿರಬೇಕು. ಗುರಿಕಾರಿಕೆಯ ಪಂದ್ಯಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಇದು ಚೆನ್ನಾಗಿ ಗೊತ್ತು.

ಕೋವಿಯಿಲ್ಲದ ಮನೆಯವರಿಗೂ ಒಂದು ಮಾತು. ನಮ್ಮ ವಿಮಾನ ನಿಲ್ದಾಣಗಳಲ್ಲಿ, ಯಾರದೋ ಹಳೆಯ ಚೀಲದ ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ತೋಟಾದಿಂದ ಪ್ರಯಾಣಿಕರ ಮೇಲೆ ಆಯುಧ ಕಾಯಿದೆಯ ಮೊಕದ್ದಮೆಗಳು ಹೂಡಲ್ಪಟ್ಟಿವೆ. ಅದು ಅಲ್ಲಿರುವುದೇ ತಿಳಿದಿರಲಿಲ್ಲವೆಂದು ಕಂಡುಬಂದಾಗ ಉಚ್ಚ ನ್ಯಾಯಾಲಯಗಳು ಅಂತಹ ಮೊಕದ್ದಮೆಗಳನ್ನು ರದ್ದುಪಡಿಸಿರುವುದೂ ಉಂಟು. ಆದರೆ ಅಷ್ಟು ಹೊತ್ತಿಗೆ ವಿಮಾನ ತಪ್ಪಿರುತ್ತದೆ, ಮದುವೆಯ ಮುಹೂರ್ತ ಮೀರಿರುತ್ತದೆ, ವಕೀಲರ ಮನೆಗೆ ಅಲೆದು ಕಾಲು ಸೋತಿರುತ್ತದೆ. ಆದಕಾರಣ ಎರವಲು ತಂದ ಚೀಲವನ್ನು, ಅಟ್ಟದಿಂದಿಳಿಸಿದ ಹಳೆಯ ಪೆಟ್ಟಿಗೆಯನ್ನು, ಬಟ್ಟೆ ತುಂಬುವ ಮೊದಲು ಹಗಲು ಬೆಳಕಿನಲ್ಲಿ ತಲೆಕೆಳಗು ಮಾಡಿ ಕೊಡವಿರಿ. ಪ್ರತಿಯೊಂದು ಜೇಬಿಗೂ ಕೈಹಾಕಿ ನೋಡಿರಿ. ಗಳಿಗೆಯ ಕೆಲಸ, ಮನೆಯ ಮಕ್ಕಳಿಗೆ ಹೇಳಿದರೂ ಮಾಡಿಯಾರು.