ಸುಲ್ತಾನ, ವಾರಕ್ಕೆ ಮೂರು ದಿನ ಮೇಷ್ಟ್ರು!

ಯುದ್ಧಕ್ಕೂ ಸೈ, ರೇಖಾಗಣಿತದ ಪಾಠಕ್ಕೂ ಸೈ.
ಅಂಥ ಸುಲ್ತಾನ ನಮ್ಮ ಕಲಬುರಗಿಯಲ್ಲೇ ಇದ್ದ, ಗೊತ್ತಾ?

ಹೆಸರು ಫಿರೋಜ್ ಶಾ ಬಹಮನಿ.
1397ರಲ್ಲಿ ಪಟ್ಟಕ್ಕೆ ಬಂದ.

ಶನಿವಾರ, ಸೋಮವಾರ, ಗುರುವಾರ ಪಾಠ.
ಹಗಲು ರಾಜ್ಯದ ಕೆಲಸ ಬಿತ್ತು ಅನ್ನಿ,
ರಾತ್ರಿ ಕೂತು ಹೇಳಿಕೊಡ್ತಿದ್ದನಂತೆ!
ಹೀಗಂತ ಬರೆದವನು ಇತಿಹಾಸಕಾರ ಫೆರಿಷ್ತಾ.
ಬಿಜಾಪುರದಲ್ಲಿ ಕೂತು, ಸುಮಾರು ಇನ್ನೂರು ವರ್ಷ ಆದಮೇಲೆ.
ಸ್ವಲ್ಪ ಒಗ್ಗರಣೆ ಬಿದ್ದಿದ್ರೂ ಬಿದ್ದಿರಬಹುದು.

ನಕ್ಷತ್ರ ನೋಡೋ ಹುಚ್ಚು ಬೇರೆ.
ದೌಲತಾಬಾದ್ ಹತ್ತಿರ ವೀಕ್ಷಣಾಲಯ ಕಟ್ಟಿಸೋಕೆ ಶುರು ಮಾಡಿದ.
ಉಸ್ತುವಾರಿ ವಹಿಸಿದ್ದ ವಿದ್ವಾಂಸ ತೀರಿಕೊಂಡ.
ಕೆಲಸ ಅಲ್ಲಿಗೇ ನಿಂತಿತು.

ಭೀಮಾ ನದಿ ದಂಡೆಯಲ್ಲಿ ಹೊಸ ಊರನ್ನೇ ಕಟ್ಟಿಸಿದ.
ಫಿರೋಜಾಬಾದ್.
ಅದರ ಕೋಟೆಗೋಡೆ ಇವತ್ತಿಗೂ ಇದೆ.

ಈಗ ಮಜಾ ಕೇಳಿ.
ವಿಜಯನಗರದ ಮೇಲೆ ಯುದ್ಧ ಮಾಡಿದ.
ಆಮೇಲೆ ಅಲ್ಲಿನ ರಾಜ ಒಂದನೇ ದೇವರಾಯನ ಮಗಳನ್ನೇ ಮದುವೆಯಾದ!
ಬಂಕಾಪುರ ಕೋಟೆ ಬಳುವಳಿ.
ಅಳಿಯ ಬರೋ ದಾರಿಗೆ ಮಖಮಲ್ ಹಾಸಿದ್ರಂತೆ.

ಆದ್ರೆ ಹೊರಡುವಾಗ ಎಡವಟ್ಟಾಯ್ತು.
ಮಾವ ಪೂರ್ತಿ ದೂರ ಬಂದು ಬೀಳ್ಕೊಡಲಿಲ್ಲ.
ಅರ್ಧದಾರಿಯಲ್ಲೇ ವಾಪಸ್!
ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸಲಿಲ್ಲ ಅಂತ ಬೀಗರು ಮುನಿಸಿಕೊಳ್ತಾರಲ್ಲ,
ಥೇಟ್ ಹಾಗೆ ಸಿಟ್ಟಾದ ಸುಲ್ತಾನ.

ಸಂಬಂಧ ಕುದುರಲೇ ಇಲ್ಲ.
ಪಾನಗಲ್ಲಿನಲ್ಲಿ ಮತ್ತೆ ಯುದ್ಧ.
ಈ ಸಲ ಫಿರೋಜನಿಗೇ ಸೋಲು.

ದೇಹ ಸೋತಿತ್ತು. ತಮ್ಮ ಅಹ್ಮದ್ ತಿರುಗಿಬಿದ್ದ.
1422ರಲ್ಲಿ ಪಟ್ಟ ತಮ್ಮನ ಪಾಲಾಯ್ತು.
ಅದೇ ವರ್ಷ ಫಿರೋಜ್ ತೀರಿಕೊಂಡ.

ಕಲಬುರಗಿಗೆ ಹೋದ್ರೆ ಹಫ್ತ್ ಗುಂಬಜ್‌ನಲ್ಲಿ ಅವನ ಗೋರಿ ನೋಡಿ.
ಬಾಗಿಲ ಮೇಲಿನ ಚಾಚಿಗೆ ಆಸರೆ ಕೊಟ್ಟ ಕಲ್ಲುಗಳನ್ನ ಗಮನಿಸಿ.
ಆ ಕೆತ್ತನೆ, ನಮ್ಮ ಗುಡಿಗಳ ಶಿಲ್ಪಿಗಳ ಶೈಲಿಯದ್ದು!